ವೈನಿ ಹಾಕಿದ ಕುರ್ಚಿ

ಬೆಳಿಗ್ಗೆ ಅಂಗಳದ ಕಸ ಹೊಡೆದೆ, ಎಮ್ಮೆ ಹಿಂಡಿದೆ, ಪುಂಡಿಪಲ್ಯದ ಸೊಪ್ಪು ಸೋಸಿದೆ, ಅವ್ವನ ಹಾಸಿಗೆ ಬದಲಿಸಿದೆ, ಲ್ಯಾಪ್‌ಟಾಪ್ ಒರೆಸಿದೆ. ಅದರ ಕೀಲಿಗಳ ಸಂದಿನಲ್ಲಿ ಇನ್ನೂ ಜೋಳದ ಹಿಟ್ಟು ಕೂತಿದೆ. ಅದನ್ನು ಮಾತ್ರ ತೆಗೆಯುವುದಿಲ್ಲ. ಅದು ನಮ್ಮ ವೈನಿಯ ಬೆರಳಿನ ಹಿಟ್ಟು.

ವೈನಿ ನನ್ನ ಅಣ್ಣನ ಹೆಂಡತಿ. ಮೊಣಕೈತನಕ ಹಿಟ್ಟು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಯಾರು ಏನೇ ಅಂದರೂ ಮೊದಲ ಮಾತು, "ಯಾಕಂತ?" ನನ್ನ ಗಂಡ ತೀರಿಹೋದ ಮೇಲೆ ನಾನು ಮಣ್ಣೂರಿನ ತವರಿಗೆ ಬಂದು, ಪಂಪ್‌ಸೆಟ್ ಕಂಪನಿಯ ಗಿರಾಕಿಗಳ ದೂರು ಕೇಳುವ ಕೆಲಸ ಹಿಡಿದಿದ್ದೆ. ಮನೆಯಿಂದಲೇ, ಇಂಟರ್‌ನೆಟ್ ಫೋನಿನಲ್ಲಿ. ಆದರೆ ನನ್ನ ಮಾತು ತಡವಾಗಿ ಮುಟ್ಟುತ್ತಿತ್ತು. ನನ್ನ "ಹೇಳ್ರಿ" ತಲುಪುವಷ್ಟರಲ್ಲಿ ಅತ್ತಲಿನವರು "ಹಲೋ, ಹಲೋ" ಎಂದು ರೇಗುತ್ತಿದ್ದರು. ಕಡೆಗೆ ಕಂಪನಿಯ ಮೇಡಂ, "ನಿಮ್ಮ ಹಳ್ಳಿ ನೆಟ್‌ವರ್ಕ್ ಆಗಲ್ಲ. ಕಲಬುರಗಿ ಆಫೀಸಿಗೆ ಬನ್ನಿ, ಇಲ್ಲಾಂದ್ರೆ ಬಿಟ್ಟುಬಿಡಿ" ಅಂದರು. ಹಾಸಿಗೆ ಹಿಡಿದ ಅವ್ವನನ್ನು ಬಿಟ್ಟು ಹೇಗೆ ಹೋಗಲಿ?

"ತಪ್ಪು ಹಳ್ಳಿ ಮ್ಯಾಲ ಹಾಕಿದ್ರ ಮುಗೀತೇನು? ನೋಡೇ ಬಿಡೂಣ" ಅಂದಳು ವೈನಿ. ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಫೋನ್ ಸೇವೆ ಕೊಡುವವರಿಗೆ ಕರೆ ಹಚ್ಚಿದಳು. ಇಲ್ಲಿಂದ ಅವರ ಸರ್ವರಿಗೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆಯುವ ಪರೀಕ್ಷೆಯೊಂದಿದೆ. ಅವರು ಹೇಳಿದಂತೆ ಹಿಟ್ಟಿನ ಕೈಯಲ್ಲೇ ಲ್ಯಾಪ್‌ಟಾಪಿನ ಕೀಲಿ ಒತ್ತಿದಳು. ನಾನು ಕೂರುತ್ತಿದ್ದ ಒಳಕೋಣೆಯಲ್ಲಿ ಅಂಕಿ ಹುಚ್ಚೆದ್ದು ಜಿಗಿಯಿತು. ವೈಫೈ ಡಬ್ಬಿ ಇದ್ದ ಪಡಸಾಲೆಗೆ ಲ್ಯಾಪ್‌ಟಾಪ್ ಹೊತ್ತು ತಂದು ಮತ್ತೆ ಒತ್ತಿದಳು. ಅಂಕಿ ಇಳಿದು ತಣ್ಣಗೆ ಕೂತಿತು. ನಡುವೆ ಇದ್ದದ್ದು ಶಹಾಬಾದ್ ಕಲ್ಲಿನ ಮೊಳದಗಲದ ಗೋಡೆ.

"ನೋಡು ತಂಗಿ, ಊರಿಂದು ತಪ್ಪಿಲ್ಲ. ಗ್ವಾಡೀದು."

ಗೋಡೆಗೆ ತೂತು ಹಾಕಿ ವೈರ್ ಎಳೆಯೋಣವೆಂದರೆ, ಪಡಸಾಲೆಯ ಮಂಚದ ಮೇಲಿದ್ದ ಕಾಕಾ, ಅಂದರೆ ನನ್ನ ಅಪ್ಪನ ತಮ್ಮ, ಒಪ್ಪಲಿಲ್ಲ. "ನಮ್ಮಪ್ಪ ಕಟ್ಟಿದ ಗ್ವಾಡಿ. ಉಳಿ ಮುಟ್ಟಿಸಬ್ಯಾಡ್ರಿ."

"ಡಬ್ಬಿ ಒಳಗ ಇಡೂಣೇನ್ರಿ?" ವೈನಿ ಕೇಳಿದಳು.

"ಆಮ್ಯಾಲ ಇಲ್ಲಿ ನೆಟ್ ಬರದಿದ್ರ ನಾ ಮೊಬೈಲಿನ್ಯಾಗ ಸುದ್ದಿ ಮೂಗಿನಿಂದ ನೋಡ್ಲೇನು?"

"ಬ್ಯಾಡ ಬಿಡ್ರಿ ಮಾವಾರ." ವೈನಿ ಅವರ ಮಂಚದ ಮಗ್ಗುಲಿಗೇ ನನ್ನ ಕುರ್ಚಿ ಎಳೆದು ಹಾಕಿದಳು. "ಗ್ವಾಡೀನೂ ಇರ್ಲಿ, ಡಬ್ಬೀನೂ ಇರ್ಲಿ. ಈಕಿನೇ ಹೊರಗ ಕೂಡ್ತಾಳ."

"ಇದು ಗಂಡಸ್ರು ಕೂಡೂ ಜಾಗ."

"ಹೌದ್ರಿ, ಇಷ್ಟ ದಿನ ಕೂತೀರಿ. ಗದ್ದಲ ಆದ್ರ ಒಳಗ ಹೋಗ್ರಿ, ಭಾಳ ತಂಪದ."

ಮರುದಿನ ಮೇಡಂ ಕೇಳಿದರು, "ಮಾತು ಸರಿಯಾಗಿ ಬರ್ತಿದೆ, ಎಲ್ಲಿಗೆ ಬಂದಿದೀರಿ?"

"ಎಲ್ಲಿಗೂ ಇಲ್ರಿ, ಪಡಸಾಲಿಗೆ ಬಂದೇನಿ."

ಹೋದ ಮಳೆಗಾಲದ ಜ್ವರದಲ್ಲಿ ವೈನಿ ತೀರಿಕೊಂಡಳು. ದಿನಕರ್ಮ ಮುಗಿದ ಮೇಲೆ ಕಾಕಾ ಮೆಲ್ಲಗೆ, "ಇನ್ನ ಒಳಗ ಕೂಡವ್ವಾ" ಅಂದರು. ನಾನು ಪರೀಕ್ಷೆ ಹಚ್ಚಿ ಅಂಕಿ ನೋಡಿದೆ, ತಣ್ಣಗೇ ಇತ್ತು, ಹೆಡ್‌ಫೋನ್ ಏರಿಸಿಕೊಂಡೆ.

"ಯಾಕಂತ?" ಅಂದೆ.

ಇವತ್ತೂ ಸಂಜೆತನಕ ಅದೇ ಕುರ್ಚಿಯಲ್ಲಿ ಕೂತು ಮಾತಾಡಿದೆ. ಬಳಿಕ ಎಲ್ಲರೂ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಉಂಡೆವು. ಮೊದಲು ಮಲಗಿದವರು ಕಾಕಾ, ತಂಪಾದ ಒಳಕೋಣೆಯಲ್ಲಿ.