ಮೇಷ್ಟ್ರನ್ನು ನಿಲ್ಲಿಸಬೇಡಿ

ನನ್ನ ಗಂಡನಿಗೆ ನಮ್ಮ ಅಡುಗೆಮನೆಯ ಹೊಸಿಲು ದಾಟುವುದು ಕಷ್ಟ, ಆದರೆ ಸೈಕಲ್ ಮೇಲೆ ಕೂರಿಸಿದರೆ ಹತ್ತು ಕಿಲೋಮೀಟರ್ ಹೋಗುತ್ತಾರೆ. ಇದನ್ನು ಹೇಳಿದರೆ ಜನ ನಗುತ್ತಾರೆ. ನರದ ಡಾಕ್ಟರು ತಮ್ಮ ಮೊಬೈಲಿನಲ್ಲಿ ಇಂಥದೇ ಯಾರದೋ ವಿಡಿಯೋ ತೋರಿಸಿದಾಗ ನಾನೂ ನಕ್ಕಿದ್ದೆ. ಪಾರ್ಕಿನ್ಸನ್ ಅಂದರೆ ಕೈ ನಡುಗುವುದು, ಅಷ್ಟೇ ಎಂದು ತಿಳಿದಿದ್ದವಳು ನಾನು. ಇವರಿಗೆ ಕೈ ನಡುಗುವುದು ಕಡಿಮೆ, ಕಾಲು ಅಂಟಿಕೊಳ್ಳುತ್ತದೆ. ಚೆನ್ನಾಗಿಯೇ ನಡೆದು ಬಂದವರು ಬಾಗಿಲು ಎದುರಾದ ಕೂಡಲೇ ಅಂಗಾಲಿಗೆ ಗೋಂದು ಹಚ್ಚಿದ ಹಾಗೆ ನಿಂತುಬಿಡುತ್ತಾರೆ. ಅತ್ತ ಹಾಲು ಉಕ್ಕುತ್ತಿರುತ್ತದೆ, ಕುಕ್ಕರ್ ಕೂಗುತ್ತಿರುತ್ತದೆ, ಇವರು ಅಲ್ಲೇ. "ಬನ್ನೀಂದ್ರೆ!" ಎಂದು ನಾನು ರೇಗಿದರೆ ಕಾಲು ಇನ್ನೂ ಬಿಗಿಯುತ್ತದೆ. ರೇಗಬಾರದು ಅಂತ ಗೊತ್ತು. ಆದರೂ ರೇಗುತ್ತೇನೆ.

ಇವರು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವರು. ರವೀಂದ್ರನಗರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬಂದಿದ್ದು ಬಿಟ್ಟರೆ ಹೆಚ್ಚು ಓಡಾಡಿದವರಲ್ಲ. ಆದರೆ ತಲೆಯೊಳಗೆ ಒಂದು ಫ್ರಾನ್ಸ್ ಇತ್ತು. ಆ ದೇಶದ ಹಳ್ಳಿಗಾಡಿನಲ್ಲಿ ಸೈಕಲ್ಲಿಗೆ ಹೇಳಿ ಮಾಡಿಸಿದಂಥ ಸಣ್ಣ ರಸ್ತೆಗಳಿವೆಯಂತೆ. ಗಂಟೆಗಟ್ಟಲೆ ತುಳಿದರೂ ಒಂದು ಕಾರು ಎದುರಾಗುವುದಿಲ್ಲವಂತೆ. ಕಾಲುವೆಯ ಪಕ್ಕ ಸಾಲುಮರ, ದ್ರಾಕ್ಷಿ ತೋಟ, ಸೂರ್ಯಕಾಂತಿ ಹೊಲ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗುವ ಊರುಗಳು. ಅಂಥ ರಸ್ತೆಗಳ ನಕ್ಷೆಗಳನ್ನೆಲ್ಲ ಇಂಟರ್ನೆಟ್ಟಿನಿಂದ ತೆಗೆದು, ದುರ್ಗಿಗುಡಿಯ ಅಂಗಡಿಯೊಂದರಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿಟ್ಟುಕೊಂಡಿದ್ದರು. ರಿಟೈರ್ ಆದ ಮೇಲೆ ಹೋಗುವುದೆಂದು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದ್ದೂ ಆಯಿತು.

"ಅಲ್ಲಿ ನನ್ನ ಊಟಕ್ಕೇನು ಗತಿ?" ಎಂದು ನಾನು ಕೇಳಿದರೆ, "ಬ್ರೆಡ್ಡು ಸಿಗುತ್ತೆ ಮಾರಾಯ್ತಿ. ಆ ಊರಿನ ಬ್ರೆಡ್ಡು ತಿಂದು ಯಾರೂ ಸತ್ತಿಲ್ಲ" ಅನ್ನುತ್ತಿದ್ದರು.

ಪಾಸ್‌ಪೋರ್ಟ್ ಬಂದ ವರ್ಷವೇ ಕಾಲು ಅಂಟಿಕೊಳ್ಳಲು ಶುರುವಾಯಿತು. ಅಷ್ಟು ದೂರದ ಪ್ರಯಾಣ ಬೇಡ ಅಂದರು ಡಾಕ್ಟರು. ಇವರು ತಲೆಯಾಡಿಸಿದರು. ನಕ್ಷೆಯ ಪುಸ್ತಕ ಮಾತ್ರ ಕೈಬಿಡಲಿಲ್ಲ. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. "ಇನ್ನೂ ಯಾಕ್ರೀ ಅದನ್ನ ನೋಡ್ತಾ ಕೂತಿರ್ತೀರಿ? ಮರ ನಮ್ಮಲ್ಲಿಲ್ವಾ, ಕಾಲುವೆ ನಮ್ಮಲ್ಲಿಲ್ವಾ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಮರ ಯಾರಿಗೆ ಬೇಕು? ಅಲ್ಲಿ ಯಾರೂ ನನ್ನ ಗುರುತು ಹಿಡಿಯಲ್ಲ. ಯಾರೂ ನಿಲ್ಸಲ್ಲ" ಅಂದರು.

ಆಗ ನನಗೆ ಅರ್ಥವಾಯಿತು. ಹೊರಟರೆ ಇವರಿಗೆ ಏನೂ ತೊಂದರೆಯಿಲ್ಲ, ಪೆಡಲ್ ತಾನಾಗಿಯೇ ತಿರುಗುತ್ತದೆ. ನಿಲ್ಲುವುದೇ ಕಷ್ಟ. ನಿಲ್ಲಬೇಕಾದರೆ ಕಾಲು ನೆಲಕ್ಕೆ ಊರಬೇಕು; ಆ ಗಳಿಗೆಯಲ್ಲಿ ಕಾಲು ಬರುವುದಿಲ್ಲ. ನಮ್ಮ ಕಡೆಯೋ, ಸೈಕಲ್ ಮೇಲೆ ಹೋಗುವ ಮೇಷ್ಟ್ರನ್ನು ಸುಮ್ಮನೆ ಹೋಗಲು ಬಿಡುವವರುಂಟೇ? "ನಮಸ್ಕಾರ ಸಾರ್, ಎಲ್ಲಿಗೆ ಹೊರಟ್ರಿ?" ಎಂದು ಅಡ್ಡ ಬಂದು ನಿಂತು, ಹ್ಯಾಂಡಲ್ ಹಿಡಿದು, ಮನೆಮಂದಿಯ ಸಮಾಚಾರವನ್ನೆಲ್ಲ ಕೇಳಿದರೇ ಅವರಿಗೆ ಸಮಾಧಾನ. ಕಾಯಿಲೆಯ ವಿಷಯ ಹೇಳಿದರೆ ಬಿಟ್ಟಾರು. ಆದರೆ ಇವರು ನನ್ನಿಂದ ಮಾತು ತೆಗೆದುಕೊಂಡಿದ್ದರು: ಯಾರಿಗೂ ಹೇಳಕೂಡದು, ಕೇಳಿದರೆ ಮಂಡಿ ನೋವು ಅನ್ನಬೇಕು.

ಹಾಗಾಗಿ ಭಾನುವಾರ ಬೆಳಗಿನ ಏರ್ಪಾಡು ಮಾಡಿಕೊಂಡೆವು. ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕುವುದು, ಇವರನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಳ್ಳುವುದು. "ಸೈಕಲ್‌ಗೇ ಆಟೋ ಬೇಕಾಯ್ತೇನಮ್ಮಾ, ಅದಕ್ಕೂ ಮಂಡಿ ನೋವಾ?" ಎಂದು ಆಟೋದವನು ವಾರವಾರವೂ ತಮಾಷೆ ಮಾಡುತ್ತಿದ್ದ. ಮಾಚೇನಹಳ್ಳಿಯ ಲಾರಿಗಳ ಗದ್ದಲ ದಾಟಿ, ಭದ್ರಾವತಿಗೆ ಮುಂಚೆ ಹೈವೇ ಬಿಟ್ಟು ಒಳಕ್ಕೆ ಹೋದರೆ ಚಾನಲ್ ರಸ್ತೆ. ಒಂದು ಕಡೆ ತುಂಬಿ ಹರಿಯುವ ನಾಲೆ, ಇನ್ನೊಂದು ಕಡೆ ಗದ್ದೆ. ಮೋರಿಯ ಕಟ್ಟೆಗೆ ಸೈಕಲ್ ಆನಿಸಿ ಇವರನ್ನು ಹತ್ತಿಸಬೇಕು. ನಿಲ್ಲುವುದೂ ಮುಂದಿನ ಮೋರಿಯ ಕಟ್ಟೆಗೇ, ಕಾಲಿಡಲು ಎತ್ತರ ಸಿಗುತ್ತದೆ ಎಂದು. ನಡುವೆ ಎಲ್ಲೂ ನಿಲ್ಲುವಂತಿಲ್ಲ.

ಮೊದಲ ತಿಂಗಳೇ ಬಿದ್ದರು. ಹಳೆಯ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿ ಕೈಮುಗಿದ, ಇವರು ಮರ್ಯಾದೆಗೆ ಬ್ರೇಕ್ ಹಿಡಿದರು, ಮೊಣಕೈಯ ಚರ್ಮ ಕಿತ್ತುಹೋಯಿತು. "ಮಂಡಿ ನೋವು ಕಣಯ್ಯಾ" ಎಂದು ಅವನೆದುರು ಬಿದ್ದಲ್ಲೇ ನಕ್ಕರು. ಆಮೇಲಿನಿಂದ ನಾನು ಸ್ಕೂಟರಿನಲ್ಲಿ ಮುಂದೆ ಹೋಗತೊಡಗಿದೆ. ಯಾರಾದರೂ ಕೈ ಎತ್ತುವುದು ಕಂಡರೆ ಸಾಕು, "ದಾರಿ ಬಿಡಿ, ಮಾತಾಡಿಸಬೇಡಿ, ಹೊತ್ತಾಯ್ತು" ಎಂದು ಹಾರ್ನ್ ಹೊಡೆಯುವುದು. ಮೇಷ್ಟ್ರ ಹೆಂಡತಿಗೆ ಭಾರಿ ಧಿಮಾಕು ಅಂತೆ ಎಂಬ ಸುದ್ದಿ ತರಕಾರಿ ಮಾರ್ಕೆಟ್ಟಿನವರೆಗೂ ಬಂತು. ಬರಲಿ ಬಿಡಿ. ನನಗೆ ಅದಕ್ಕಿಂತ ದೊಡ್ಡ ಸಂಕಟವಿತ್ತು. ಒಂದು ಕಣ್ಣು ದಾರಿಯ ಮೇಲೆ, ಇನ್ನೊಂದು ಕಣ್ಣು ಕನ್ನಡಿಯಲ್ಲಿ. ಕನ್ನಡಿಯಿಂದ ಇವರು ಒಂದು ಕ್ಷಣ ಮರೆಯಾದರೂ ಕತ್ತು ಹೊರಳಿಸಿ ಹುಡುಕುತ್ತಿದ್ದೆ. ಶನಿವಾರ ಮಧ್ಯಾಹ್ನದಿಂದಲೇ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ಇವರಿಗೋ, ಖುಷಿಯೋ ಖುಷಿ. ಹಿಂದಿನಿಂದ ಕೂಗುತ್ತಿದ್ದರು: "ಈಗ ಬಲಗಡೆ ಒಂದು ಹಳೇ ಚರ್ಚು! ಮುಂದೆ ಸೇತುವೆ, ದಾಟಿದ್ರೆ ಬ್ರೆಡ್ಡಿನ ಅಂಗಡಿ!"

"ಮುಂದೆ ಎಮ್ಮೆ ಇದೆ, ನೋಡ್ಕೊಂಡು ಬನ್ನಿ!" ಎಂದು ನಾನು ಕೂಗುತ್ತಿದ್ದೆ.

ನಾಲೆಯ ಪಕ್ಕದಲ್ಲೇ ಗದ್ದೆ ಮಾಡಿಕೊಂಡಿದ್ದ ಒಬ್ಬ ಹಳೆಯ ವಿದ್ಯಾರ್ಥಿಯಿದ್ದ. ಐವತ್ತರ ಹತ್ತಿರದ ಆಸಾಮಿ, ಮೊಮ್ಮಗುವೂ ಆಗಿದೆ, ಮೇಷ್ಟ್ರ ಎದುರು ಮಾತ್ರ ಈಗಲೂ ಹೈಸ್ಕೂಲು ಹುಡುಗ. ವಾರವಾರ ನಾನು ಅವನನ್ನು ಹಾರ್ನ್ ಹೊಡೆದು ಓಡಿಸುತ್ತಿದ್ದೆ. ಒಂದು ಭಾನುವಾರ ಅವನು ಎಳನೀರು ಕೆತ್ತಿಟ್ಟುಕೊಂಡು, ರಸ್ತೆಯ ನಡುವೆ ಎರಡೂ ಕೈ ಅಗಲಿಸಿ ನಿಂತುಬಿಟ್ಟ. ನಾನು ಪಕ್ಕಕ್ಕೆ ಹೊರಳಿಸಿಕೊಂಡು ಮುಂದಕ್ಕೆ ಹೋದೆ. ಅವನು ಅಲುಗಲಿಲ್ಲ. "ಇವತ್ತು ಬಿಡಲ್ಲ ಸಾರ್! ಎಳನೀರು ಕುಡಿದೇ ಹೋಗ್ಬೇಕು!"

ಕನ್ನಡಿಯಲ್ಲಿ ನೋಡಿದೆ. ಇವರ ಸೈಕಲ್ ನಾಲೆಯ ಅಂಚಿಗೆ ವಾಲುತ್ತಿತ್ತು.

"ಅಯ್ಯೋ, ದಾರಿ ಬಿಡೋ! ಅವರಿಗೆ ಪಾರ್ಕಿನ್ಸನ್! ನಿಲ್ಸಿದ್ರೆ ಚಾನಲ್‌ಗೆ ಬೀಳ್ತಾರೆ!" ಎಂದು ಕಿರುಚಿದೆ. ನನ್ನ ಗಂಟಲು ಮೊದಲೇ ದೊಡ್ಡದು. ನಾಲೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅವನು ಗದ್ದೆಗೆ ಹಾರಿದ. ಇವರು ಅವನನ್ನೂ ನೋಡದೆ, ನನ್ನನ್ನೂ ನೋಡದೆ ಮುಂದಿನ ಮೋರಿಯವರೆಗೆ ತುಳಿದು ಹೋದರು.

ನಾಲ್ಕು ದಿನ ಮಾತಿಲ್ಲ. ಐದನೆಯ ದಿನ, "ಮೂವತ್ತು ವರ್ಷ ಆ ಹುಡುಗರ ಮುಂದೆ ನೆಟ್ಟಗೆ ನಿಂತಿದ್ದೆ" ಅಂದರು.

"ಚಾನಲ್‌ನಲ್ಲಿ ತೇಲೋವಾಗ್ಲೂ ನೆಟ್ಟಗೇ ತೇಲ್ತಿದ್ರಾ?" ಅಂದೆ. ಅಂದ ಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಾತು ಕೊಟ್ಟು ಮುರಿದವಳು ನಾನು. ಮುರಿಯದಿದ್ದರೆ ಇವರು ಉಳಿಯುತ್ತಿರಲಿಲ್ಲ. ಎರಡೂ ನಿಜವಾಗಿದ್ದಾಗ ಯಾವುದಕ್ಕೆ ಕ್ಷಮೆ ಕೇಳಬೇಕು?

ಮೂರು ಭಾನುವಾರ ಸೈಕಲ್ ಹೊರಗೆ ಬರಲಿಲ್ಲ. ಕಾಲು ಮೊದಲಿಗಿಂತ ಹೆಚ್ಚು ಅಂಟಿಕೊಳ್ಳತೊಡಗಿತು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ಹೀಗೇ ಮುಗಿದುಹೋಗುತ್ತದೇನೋ ಎಂದು ನನಗೆ ದಿಗಿಲಾಯಿತು. ಸೈಕಲ್ಲಿಗೆ ಹೋಗೋಣ ಬನ್ನಿ ಎಂದು ಬಾಯಿಬಿಟ್ಟು ಕರೆಯುವ ಧೈರ್ಯವಿರಲಿಲ್ಲ. ನಾಲ್ಕನೆಯ ಶನಿವಾರ ಇವರೇ, "ಆಟೋದವನಿಗೆ ಫೋನ್ ಮಾಡು" ಅಂದರು.

ಸುದ್ದಿ ಅಷ್ಟರಲ್ಲಿ ನಾಲೆಯ ಉದ್ದಕ್ಕೂ ಹಬ್ಬಿತ್ತು. ಅವತ್ತು ಒಬ್ಬರೂ ಅಡ್ಡ ಬರಲಿಲ್ಲ. ಬೈಕಿನವನೊಬ್ಬ ದೂರದಲ್ಲೇ ಇಂಜಿನ್ ಆಫ್ ಮಾಡಿ, ಅಂಚಿಗೆ ಸರಿದು, ಗದ್ದೆಯ ಕಡೆ ಮುಖ ಮಾಡಿ ನಿಂತ. ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ ನೀರು ನೋಡುತ್ತ ಕೂತರು. ನಮಸ್ಕಾರವಿಲ್ಲ, ಎಲ್ಲಿಗೆ ಹೊರಟ್ರಿ ಎಂಬ ಮಾತಿಲ್ಲ. ಫ್ರಾನ್ಸಿನ ರಸ್ತೆಯೆಂದರೆ ಹೀಗೇ ಇರುತ್ತದೆಯೆಂದು ಇವರು ಹೇಳುತ್ತಿದ್ದರಲ್ಲ, ಅಕ್ಷರಶಃ ಹಾಗೆ. ನಾನು ಹಾರ್ನ್ ಮುಟ್ಟಲೇ ಇಲ್ಲ. ಹಿಂದಿನಿಂದ ಚರ್ಚೂ ಬರಲಿಲ್ಲ, ಬ್ರೆಡ್ಡಿನ ಅಂಗಡಿಯೂ ಬರಲಿಲ್ಲ. ಕನ್ನಡಿಯಲ್ಲಿ ಇವರ ಮುಖ ನೋಡಿದೆ. ಸತ್ತವರ ಮನೆಯಿಂದ ಬರುವವರ ಮುಖ.

ಎಳನೀರಿನವನು ತನ್ನ ಗದ್ದೆಯ ಬದುವಿನ ಮೇಲೆ, ಕೈ ಹಿಂದಕ್ಕೆ ಕಟ್ಟಿ, ತಲೆ ತಗ್ಗಿಸಿ ನಿಂತಿದ್ದ. ನಾನು ಅವನನ್ನು ದಾಟಿ ಹೋದೆ. ಹಿಂದೆ ಸೈಕಲ್ ಬೆಲ್ ಒಂದೇ ಸಮನೆ ಹೊಡೆದುಕೊಂಡಿತು. ಅವನು ತಲೆ ಎತ್ತಲಿಲ್ಲ. ಆಗ ಕೇಳಿದ್ದು ಕ್ಲಾಸಿನ ದನಿ. ಎಷ್ಟು ವರ್ಷವಾಗಿತ್ತೋ ಆ ದನಿ ಕೇಳಿ.

"ಏಯ್, ಕೊನೇ ಬೆಂಚು! ಏನ್ ನೆಲ ನೋಡ್ತಿದ್ದೀಯ? ಬಂದು ಹಿಡ್ಕೊಳ್ಳೋ ನನ್ನ! ನಿಲ್ಲಿಸ್ತಾ ಇದೀನಿ!"

ಅವನು ಕೆಸರುಗಾಲಿನಲ್ಲೇ ಓಡಿ ಬಂದ. ಸೈಕಲ್ಲನ್ನು ಹಿಡಿಯಲಿಲ್ಲ, ಇವರ ಸೊಂಟವನ್ನೇ ಎರಡು ಕೈಯಲ್ಲಿ ತಬ್ಬಿದ. ಸೈಕಲ್ ಜಾರಿ ದಡಾರನೆ ಬಿತ್ತು. ಇವರು ಅವನ ತೋಳಿನಲ್ಲಿ ನೇತಾಡುತ್ತ ನಿಂತಿದ್ದರು.

"ಕಾಲು ಅಂಟ್ಕೊಂಡಿದೆ ಕಣೋ. ಬಿಡಬೇಡ" ಅಂದರು.

"ಬಿಡಲ್ಲ ಸಾರ್" ಎಂದು ಅವನು ಅಳುತ್ತಿದ್ದ.

ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದೆ. ಸಂತೋಷವಾಯಿತು ಅಂದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು. ಕಾಯಿಲೆ ಬಂದು ಎರಡು ವರ್ಷ, ಹಗಲೂ ರಾತ್ರಿ ಪಕ್ಕದಲ್ಲಿ ನಾನಿದ್ದೆ. ನನಗೆ ಒಂದು ದಿನ, ಒಂದೇ ಒಂದು ದಿನ, ಹಿಡ್ಕೋ ಅಂದವರಲ್ಲ. ನಾನು ಮೇಲೆ ಬಿದ್ದು ಹಿಡಿದರೂ ಕೈ ಬಿಡಿಸಿಕೊಳ್ಳುತ್ತಿದ್ದರು. ಸ್ಟ್ಯಾಂಡ್ ಹಾಕಿ, ಸಿಟ್ಟಿನಲ್ಲೇ ದಡದಡ ನಡೆದು ಹತ್ತಿರ ಹೋದೆ. ಏನೋ ಬಿರುಸಾಗಿ ಹೇಳಬೇಕೆಂದಿದ್ದೆ.

ಇವರು ನನ್ನನ್ನು ನೋಡಿ ಖಾಲಿಯಿದ್ದ ಕೈ ಚಾಚಿದರು.

"ನೀನೂ ಹಿಡ್ಕೊಳ್ಳೇ. ಇವನೊಬ್ಬನ ಕೈಲಿ ಆಗಲ್ಲ."

ಹಿಡಿದುಕೊಂಡೆ.