ಡೈರಿಯ ಚೀಟಿ ತಡವಾದದ್ದು ನನ್ನಿಂದ

ಮಂಜುಳಕ್ಕ, ನಮ್ಮೂರ ಡೈರಿಯಲ್ಲಿ ನಿನ್ನ ಕೆಲಸ ಹೋದದ್ದು ನನ್ನಿಂದ. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ನೀನು ಕಂಪ್ಯೂಟರ್ ಮುಂದೆ ಕೂತು ಹಾಲು ಹಾಕಿದವರಿಗೆ ಚೀಟಿ ಕೊಡುತ್ತಿದ್ದೆಯಲ್ಲ, ಆ ಪ್ರೋಗ್ರಾಂ ಬರೆದವನು ನಾನೇ. ಬಂಗಾರಪೇಟೆಯಲ್ಲಿ ಕಂಪ್ಯೂಟರ್ ಕಲಿತ ಹೊಸತು, ಊರವರು ಮೆಚ್ಚಲಿ ಎಂಬ ಹುಚ್ಚು ಬೇರೆ. ಚೀಟಿಯಲ್ಲಿ ಅಂದಿನ ಹಾಲಿನ ಜೊತೆಗೆ ಅದುವರೆಗಿನ ಒಟ್ಟು ಹಾಲೂ ಬರಬೇಕಿತ್ತು. ಹಳೆಯ ಲೆಕ್ಕಗಳನ್ನು ಒಂದೊಂದಾಗಿ ತೆಗೆದು ಕೂಡಿಸಲು ‘ಪಟ್ಟಿಯಲ್ಲಿ ಇಷ್ಟನೆಯದು ಕೊಡು’ ಎನ್ನುವ ಸಿದ್ಧ ಸೌಲಭ್ಯವೊಂದನ್ನು ಬಳಸಿದೆ. ಒಂದೇ ಸಾಲು, ನೋಡಲು ಚೆಂದ. ಆದರೆ ನಾನು ಆರಿಸಿಕೊಂಡ ಬಗೆಯ ಪಟ್ಟಿಯಲ್ಲಿ ಅದು ಪ್ರತಿ ಸಲವೂ ಮೊದಲಿನಿಂದ ಎಣಿಸಿಕೊಂಡು ಬರುತ್ತಿತ್ತು — ಸಾಲಿನಲ್ಲಿ ನಿಂತ ಐದನೆಯವರನ್ನು ಕರೆಯಲು ಒಂದರಿಂದ ಎಣಿಸಿ, ಆರನೆಯವರನ್ನು ಕರೆಯಲು ಮತ್ತೆ ಒಂದರಿಂದ ಎಣಿಸಿದ ಹಾಗೆ. ಮನೆಯಲ್ಲಿ ನಾಲ್ಕು ಸುಳ್ಳು ಹೆಸರು ಹಾಕಿ ನೋಡಿದ್ದೆ. ಚೀಟಿ ಪಟ್ಟನೆ ಬಂದಿತ್ತು.

ಪಟ್ಟಿ ಬೆಳೆದಂತೆ ಕಂಪ್ಯೂಟರ್ ತಿಣುಕತೊಡಗಿತು. ಕ್ಯಾನು ಹಿಡಿದವರ ಸಾಲು ರಸ್ತೆಗೆ ಬಂತು. ಹಾಲು ಒಯ್ಯುವ ವ್ಯಾನು ಕಾಯದೆ ಹೊರಟ ದಿನ ಹಾಲೆಲ್ಲ ಒಡೆಯಿತು, ಜನ ನಿನ್ನ ಮೇಲೆ ಬಿದ್ದರು. ಸೆಕ್ರೆಟರಿ ನನ್ನನ್ನು ಕರೆಸಿ ಕೇಳಿದರು: “ಮಿಷಿನ್ ನಿಧಾನಾನೋ, ಈಯಮ್ಮ ನಿಧಾನಾನೋ? ಯೋಳ್ಲಾ.”

ಅಷ್ಟರಲ್ಲಾಗಲೇ ತಪ್ಪು ನನ್ನ ಕಣ್ಣಿಗೆ ಬಿದ್ದಿತ್ತು. ನೀನು ಅಲ್ಲೇ ನಿಂತಿದ್ದೆ. ಆದರೂ —

“ಮಿಷಿನ್ ಸರ್ಯಾಗೈತೆ” ಅಂದೆ.

ನೀನು ಜಗಳವಾಡಿದ್ದರೆ ಚೆನ್ನಾಗಿತ್ತು. “ಓಗ್ಲಿ ಬಿಡ್ಲಾ, ನನ್ ಕೈಯೇ ಓಡಲ್ಲ” ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಟೆ. ನನ್ನ ಮಾತನ್ನು ನೀನೂ ನಂಬಿಬಿಟ್ಟೆಯಲ್ಲ.

ಆ ವಾರವೇ ಗುಟ್ಟಾಗಿ ಪ್ರೋಗ್ರಾಂನ ಆ ಸಾಲನ್ನು ಬದಲಿಸಿದೆ. ನಿನ್ನ ಜಾಗಕ್ಕೆ ಬಂದ ಹುಡುಗಿಯನ್ನು “ಎಷ್ಟು ಚುರುಕು” ಎಂದು ಎಲ್ಲರೂ ಹೊಗಳಿದರು. ನಾನೂ ಹೌದೆಂದು ತಲೆಯಾಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಈಗ ನೀನು ಆಂಡರ್ಸನ್‌ಪೇಟೆಯ ಟೈಲರ್ ಅಂಗಡಿಯಲ್ಲಿ ಗುಂಡಿ ಹಾಕುತ್ತೀಯ. ಡೈರಿಯ ಮುಂದೆ ಆಟೋ ಹಾಯುವಾಗ ಮುಖ ತಿರುಗಿಸುತ್ತೀಯ, ನೋಡಿದ್ದೇನೆ. ಕಂಡಾಗೆಲ್ಲ ಕರೆಯಬೇಕು ಅನ್ನಿಸಿ — ಮರೆಗೆ ಸರಿದಿದ್ದೇನೆ.

ಮೊನ್ನೆ ನಿನ್ನ ಮಗಳು ನಮ್ಮ ಮನೆಗೆ ಬಂದಿದ್ದಳು. ಕಂಪ್ಯೂಟರ್ ಕಲಿಯುವ ಆಸೆಯಂತೆ, ನೀನು ಬೇಡವೆನ್ನುತ್ತೀಯಂತೆ. “ನಮ್ಮೋರ್ ಕೈಗೆ ಅದು ಒಗ್ಗಲ್ವಂತೆ ಅಣ್ಣ, ಅಮ್ಮ ಯೋಳ್ತು” ಅಂದಳು. ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ, ಅಕ್ಕ.

ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ನಾಳೆ ಹಾಲಿನ ಹೊತ್ತಿಗೆ ಡೈರಿಯಲ್ಲಿ ಎಲ್ಲರೆದುರು ನಿಜ ಹೇಳುತ್ತೇನೆ. ಅದಕ್ಕೂ ಮೊದಲು, ಇವತ್ತೇ, ನಿನ್ನ ಮಗಳಿಗೆ ಹೇಳುತ್ತೇನೆ.