ಮುಂದಿನ ಮನಿಗೆ ಹೋಗು

ಇವತ್ತು ಬೆಳಿಗ್ಗೆ ಸಪ್ತಾಪುರದ ನಮ್ಮ ಮನೆಯ ಬಾಗಿಲಿಗೆ ಜೋಳಿಗೆ ಹಾಕಿಕೊಂಡ ಮುದುಕನೊಬ್ಬ ಬಂದಿದ್ದ. ಒಳಗೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲೆ ಜೋಳದ ಹಿಟ್ಟು ಬೇಯುವ ವಾಸನೆ ಪಡಸಾಲೆಯವರೆಗೂ ಬಂದಿತ್ತು. ಕುರ್ಚಿಯಿಂದ ಏಳಲು ಬೇಸರಪಟ್ಟು ನಾನು, “ಮುಂದಿನ ಮನಿಗೆ ಹೋಗಪಾ” ಎಂದುಬಿಟ್ಟೆ. ಅವನು ಹೋದ. ಹೋದ ಮೇಲೆ ನನಗೆ ನಗು ಬಂತು. ಆ ಮಾತು ನಾನೇ ಬರೆದದ್ದು, ನೋಡಿ. ಹರೆಯದಲ್ಲಿ ಒಂದು ನಾಟಕಕ್ಕೆಂದು ಬರೆದಿದ್ದೆ. ಆಗ ಏನು ಮಾಡಿದರೂ ಆ ಮಾತನ್ನು ರಂಗದ ಮೇಲೆ ಆಡಿಸಲಾಗಲಿಲ್ಲ.

ಸ್ವಾತಂತ್ರ್ಯ ಬರಲು ಇನ್ನೂ ಕೆಲವು ವರ್ಷಗಳಿದ್ದವು. ಧಾರವಾಡದ ಕಾಲೇಜಿನಲ್ಲಿದ್ದ ನನಗೆ ಕವಿಯಾಗುವ ಹುಚ್ಚು ಹತ್ತಿತ್ತು. ಗೆಳೆಯರು ನನ್ನನ್ನು ದೂರದಿಂದ ಕಂಡರೇ ಬೇರೆ ಓಣಿ ಹಿಡಿಯುತ್ತಿದ್ದರು. ಕೇಳುವವರನ್ನು ಹುಡುಕಿಕೊಂಡು ಪ್ರತಿ ರವಿವಾರ ಸೈಕಲ್ ಹತ್ತಿ ಹತ್ತಿರದ ಒಂದು ಹಳ್ಳಿಯ ಸಾಲೆಗೆ ಹೋಗತೊಡಗಿದೆ. ಬಡಮಕ್ಕಳಿಗೆ ಕಾವ್ಯ ಮುಟ್ಟಿಸಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದೆ. ಅದೂ ಪೂರ್ತಿ ಸುಳ್ಳಲ್ಲ. ಕೂಲಿಯವರ ಮಕ್ಕಳು, ಹತ್ತಿ ಹಿಂಜುವ ಪಿಂಜಾರರ ಮಕ್ಕಳು. ಪಾಟಿ ಇದ್ದವರಿಗೆ ಬಳಪ ಇರುತ್ತಿರಲಿಲ್ಲ. ಪದ್ಯಕ್ಕೆ ಎರಡೂ ಬೇಡವಲ್ಲ. ನಾನು ಕಾಲೇಜಿನ ಧಾಟಿಯಲ್ಲಿ ಕಲಿಸಿದ್ದನ್ನು ಅವರು ಬೀಸುವ ಪದದ ಧಾಟಿಗೆ ತಿರುಗಿಸಿ ಹಾಡುತ್ತಿದ್ದರು. ಪಿಂಜಾರರ ಹುಸೇನ ಎಣ್ಣೆ ಡಬ್ಬಿ ಬಡಿಯುತ್ತಿದ್ದ. ನನ್ನ ಪದ್ಯಗಳು ಅಷ್ಟು ಚೆನ್ನಾಗಿವೆಯೆಂದು ನನಗೇ ಗೊತ್ತಿರಲಿಲ್ಲ.

ಎಲ್ಲರಿಗಿಂತ ಒಳ್ಳೆಯ ಕಂಠ ಗಂಗವ್ವನದು. ತಾಯಿ ತಂದೆ ಇಲ್ಲದ ಹುಡುಗಿ, ಅಜ್ಜಿ ಸಾಕಿದ್ದಳು. ನಾನು ಮಕ್ಕಳಿಂದ ನಾಟಕ ಆಡಿಸುತ್ತೇನೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅಜ್ಜಿ ಸಾಲೆಗೆ ಬಂದು ನನ್ನೆದುರು ನಿಂತಳು.

“ಮಂದಿ ಮುಂದ ಕುಣಿಯೂದು ಕಲತ ಹುಡುಗಿ ನೆಟ್ಟಗ ಉಳಿತಾಳೇನ್ರಿ? ನಿಮ್ಮ ಆಟ ಒಮ್ಮೆ ನೋಡ್ತೇನಿ. ಆಮ್ಯಾಲ ಸಾಲಿಗೆ ಕಳಸೂದೋ, ಹತ್ತಿ ಬಿಡಸಾಕ ಕಳಸೂದೋ ಹೇಳ್ತೇನಿ.”

ಗಂಗವ್ವ ಕಂಬ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಳು. ಅಂದಿನಿಂದ ಆ ನಾಟಕ ಚೆನ್ನಾಗಿ ಆಗಲೇಬೇಕಾಯಿತು.

ಕಥೆ ಸಣ್ಣದು. ಒಬ್ಬ ಭಿಕ್ಷುಕ ಸಾಹುಕಾರತಿಯ ಬಾಗಿಲಲ್ಲಿ ನಿಂತು ಹಾಡುತ್ತಾನೆ. ಅವಳು “ಮುಂದಿನ ಮನಿಗೆ ಹೋಗು” ಎನ್ನುತ್ತಾಳೆ. ಆಮೇಲೆ ಅವನ ದುಃಖದ ಹಾಡುಗಳು ಸಾಲಾಗಿ ಬರುತ್ತವೆ. ಅವು ನನಗೆ ಬಹಳ ಪ್ರೀತಿಯ ಹಾಡುಗಳು. ಗಂಗವ್ವ ಸಾಹುಕಾರತಿಯಾದಳು. ಭಿಕ್ಷುಕನಾಗಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. ಹುಸೇನನನ್ನು ಕೇಳಿದರೆ, “ಮನ್ಯಾಗ ದಿನಾ ಅದ ಐತಿ. ಇಲ್ಲಿ ಬಂದೂ ಅದ ಮಾಡ್ಬೇಕೇನ್ರಿ ಮಾಸ್ತರ್ರ?” ಎಂದ. ಕೊನೆಗೆ ಆ ಪಾರ್ಟು ನಾನೇ ಹಾಕಿದೆ.

ನಾಟಕದ ದಿನ ಇಳಿಹೊತ್ತಿಗೆ ಸಾಲೆಯ ಅಂಗಳ ತುಂಬಿತು. ಅಜ್ಜಿ ಮುಂದೆಯೇ ಕೂತಿದ್ದಳು, ಮಡಿಲಲ್ಲಿ ಬುತ್ತಿಯ ಗಂಟು. ನಾನು ಹರಕು ಕಂಬಳಿ ಹೊದ್ದು, ಮುಖಕ್ಕೆ ಬೂದಿ ಬಳಿದುಕೊಂಡು ಹಾಡಿದೆ:

ಬಿಸಿಲು ಉಂಡು ಬಂದೇನವ್ವ,
ನೆರಳು ಕುಡಿದು ನಿಂತೇನವ್ವ.

ತಾಲೀಮಿನಲ್ಲಿ ಕೋಟು ಹಾಕಿದ್ದ ನನ್ನನ್ನು ಹುಬ್ಬು ಗಂಟಿಕ್ಕಿ ಬೈದು ಕಳಿಸಿದ್ದ ಹುಡುಗಿ ಈಗ ನನ್ನನ್ನು ನೋಡುತ್ತ ಸುಮ್ಮನೆ ನಿಂತುಬಿಟ್ಟಳು. ಮಾತು ಮರೆತಳೆಂದು ನಾನು ಕಂಬಳಿಯೊಳಗಿಂದ ಪಿಸುಗುಟ್ಟಿದೆ: “ಹೋಗು ಅನ್ನವಾ. ಮುಂದಿನ ಮನಿಗೆ ಹೋಗು ಅನ್ನು.” ತನ್ನನ್ನು ಓಡಿಸೆಂದು ಅಂಗಲಾಚಿದ ಭಿಕ್ಷುಕ ಬಹುಶಃ ನಾನೊಬ್ಬನೇ ಇರಬೇಕು.

“ನಾ ಅನ್ನಂಗಿಲ್ರಿ ಮಾಸ್ತರ್ರ,” ಎಂದಳು ಎಲ್ಲರಿಗೂ ಕೇಳುವಂತೆ. “ನೀವು ಖರೇನ ಹಸದಂಗ ಕಾಣಾಕತ್ತೀರಿ.”

ಗಡಿಬಿಡಿಯಲ್ಲಿ ನಾನು ಅಂದು ಊಟ ಮಾಡಿರಲಿಲ್ಲ, ಅದು ನಿಜ. ಅವಳು ರಂಗವೆಂದು ಮಾಡಿಕೊಂಡಿದ್ದ ಕಟ್ಟೆಯಿಂದ ಕೆಳಗಿಳಿದು, ಅಜ್ಜಿಯ ಗಂಟು ಬಿಚ್ಚಿ, ಎಳ್ಳು ಹಚ್ಚಿದ ರೊಟ್ಟಿ ತಂದು ನನ್ನ ಕೈಗಿಟ್ಟಳು. ಹಿಂದೆಯೇ ಬೇರೆ ಹೆಂಗಸರ ಬುತ್ತಿಗಳೂ ಬಿಚ್ಚಿಕೊಂಡವು. ನನ್ನ ದುಃಖದ ಹಾಡುಗಳೆಲ್ಲ ಗಂಟಲಲ್ಲೇ ಉಳಿದವು. ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ದುಃಖದ ಹಾಡು ಹೇಳುವುದು ಹೇಗೆ?

ನಾಟಕ ಕೆಟ್ಟಿತು, ಹುಡುಗಿಯ ಸಾಲೆಯೂ ಹೋಯಿತು ಎಂದುಕೊಂಡು ನಾನು ಅಜ್ಜಿಯ ಮುಂದೆ ತಲೆ ತಗ್ಗಿಸಿ ನಿಂತೆ.

“ಅಕಿ ‘ಹೋಗು’ ಅಂದಿದ್ರ ನಾಳಿಂದನ ಹತ್ತಿ ಬಿಡಸಾಕ ಕಳಸ್ತಿದ್ದೆ,” ಎಂದಳು ಅಜ್ಜಿ. “ಸಾಲಿಗೆ ಬರ್ತಾಳ, ಕಲಸ್ರಿ. ಆದರ ಆ ಮಾತು ಮಾತ್ರ ಕಲಸಬ್ಯಾಡ್ರಿ.”

ಮುಂದಿನ ರವಿವಾರ ಹುಸೇನ ಮೊದಲುಗೊಂಡು ಮಕ್ಕಳೆಲ್ಲ ನನ್ನ ಸೈಕಲ್ಲಿಗೆ ಮುತ್ತಿದರು. ಎಲ್ಲರಿಗೂ ಭಿಕ್ಷುಕನ ಪಾರ್ಟೇ ಬೇಕಿತ್ತು. ಗಂಗವ್ವ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಮುಗಿಸಿ, ಮುಂದೆ ಅದೇ ಸಾಲೆಯಲ್ಲಿ ಕಲಿಸುವ ಅಕ್ಕೋರಾದಳು. ನಾನು ಕವಿಯಾಗಲಿಲ್ಲ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಒಳಗೆ ಎರಡು ರೊಟ್ಟಿ ಬೆಂದಿದ್ದವು. ಅವನ್ನು ಕೈಯಲ್ಲಿ ಹಿಡಿದು, ಇನ್ನೊಂದು ಕೈಗೆ ಕೋಲು ತೆಗೆದುಕೊಂಡು ಓಣಿಗಿಳಿದೆ. ತಿರುವಿನಲ್ಲಿ ಮುದುಕ ಕಂಡ. ಕೋಲು ಹಿಡಿದು ಅವಸರದಿಂದ ಬರುತ್ತಿದ್ದ ನನ್ನನ್ನು ಕಂಡು ಹೆದರಿದನೇನೋ, “ಮುಂದಿನ ಮನಿಗೇ ಹೊಂಟೇನ್ರಿ ಯಪ್ಪಾ,” ಎಂದ.

ನನಗೆ ಏದುಸಿರು. ರೊಟ್ಟಿ ಕೈ ಸುಡುತ್ತಿತ್ತು.

“ಬ್ಯಾಡ್ರಿ,” ಎಂದೆ. “ಹಿಂದಿನ ಮನಿಗೆ ಬರ್ರಿ. ಪಲ್ಯಾನೂ ಐತಿ.”